ಯುದ್ಧವಿಮಾನದಿಂದ ಸೆಸ್ನಾಕ್ಕೆ: ನಿವೃತ್ತ ವೈಮಾನಿಕ ಮತ್ತೆ ಕಲಿಯಬೇಕಾದದ್ದು ಏನು?

ನಿವೃತ್ತ ವಿಂಗ್ ಕಮಾಂಡರ್, ಬೀದರ್

ಎಲ್ಲರಿಗೂ ನಮಸ್ಕಾರ. ಎಚ್‌ಪಿಟಿ-32 ದೀಪಕ್ ಎಂಬ ಪ್ರೊಪೆಲ್ಲರ್ ತರಬೇತಿ ವಿಮಾನದಲ್ಲಿ ಹಾರಾಟ ಕಲಿತು, ಕಿರಣ್ ತರಬೇತಿ ಜೆಟ್ ಮತ್ತು ಮಿಗ್-21 ಯುದ್ಧವಿಮಾನ ಹಾರಿಸಿ, ಸೇವೆಯ ಕೊನೆಯ ವರ್ಷಗಳಲ್ಲಿ ಬೀದರ್ ವಾಯುನೆಲೆಯಲ್ಲಿ ಹಾಕ್ ತರಬೇತಿ ಜೆಟ್‌ನ ಬೋಧಕನಾಗಿದ್ದು ನಿವೃತ್ತನಾದವನು ನಾನು. ಮನೆಯನ್ನೂ ಬೀದರ್‌ನಲ್ಲೇ ಮಾಡಿಕೊಂಡಿದ್ದೇನೆ. ಈಗ ಕಲಬುರಗಿ ವಿಮಾನ ನಿಲ್ದಾಣದಲ್ಲಿರುವ ತರಬೇತಿ ಕೇಂದ್ರವೊಂದರಲ್ಲಿ ಖಾಸಗಿ ಪೈಲಟ್ ಲೈಸೆನ್ಸಿಗಾಗಿ ಸೆಸ್ನಾ 172 ಎಂಬ ಒಂಟಿ ಇಂಜಿನ್ನಿನ ಲಘು ವಿಮಾನ ಹಾರಿಸುತ್ತಿದ್ದೇನೆ. ವಿಷಯ ತಿಳಿದ ಪರಿಚಯಸ್ಥರೆಲ್ಲರೂ ‘ನಿಮಗೆ ಇದರಲ್ಲಿ ಕಲಿಯುವುದು ಏನಿದೆ’ ಎಂದೇ ಕೇಳುತ್ತಾರೆ. ಕಲಿಯುವುದು ಬಹಳ ಇದೆ ಎಂಬುದು ನನ್ನ ಅನುಭವ. ಅದನ್ನು ಇಲ್ಲಿ ವಿವರವಾಗಿ ಚರ್ಚಿಸಬೇಕೆಂದು ಬರೆಯುತ್ತಿದ್ದೇನೆ.

ಮೊದಲು ಕೈಗಳ ವಿಚಾರ. ಯುದ್ಧವಿಮಾನದಲ್ಲಿ ಬಲಗೈ ಸ್ಟಿಕ್ (ವಿಮಾನವನ್ನು ಬಾಗಿಸುವ, ಏರಿಳಿಸುವ ಹಿಡಿಕೆ) ಮೇಲೆ, ಎಡಗೈ ಥ್ರಾಟಲ್ (ಇಂಜಿನ್ ಶಕ್ತಿಯ ಹಿಡಿಕೆ) ಮೇಲೆ ಇರುತ್ತದೆ. ಸೆಸ್ನಾದ ಎಡ ಸೀಟಿನಲ್ಲಿ ಕುಳಿತವನ ಎಡಗೈಗೆ ಸ್ಟಿಕ್‌ನ ಕೆಲಸವನ್ನೇ ಮಾಡುವ ಯೋಕ್ ಬರುತ್ತದೆ, ಬಲಗೈಗೆ ಥ್ರಾಟಲ್ ಬರುತ್ತದೆ. ಸಮಾಧಾನದ ಹಾರಾಟದಲ್ಲಿ ಈ ಅದಲುಬದಲಿಗೆ ಮನಸ್ಸು ಬೇಗ ಒಗ್ಗಿಕೊಳ್ಳುತ್ತದೆ. ಆದರೆ ರನ್‌ವೇ ಹತ್ತಿರವಾದಾಗ ಗಾಳಿ ಥಟ್ಟನೆ ಬಿದ್ದು ವಿಮಾನ ಕುಸಿದಂತೆ ಭಾಸವಾದರೆ, ಹತ್ತಾರು ವರ್ಷ ಎಡಗೈಯನ್ನು ಮುಂದಕ್ಕೆ ಒತ್ತಿ ಇಂಜಿನ್ ಶಕ್ತಿ ಪಡೆದವನ ಎಡಗೈ ಅದನ್ನೇ ಮಾಡಲು ಹವಣಿಸುತ್ತದೆ. ಸೆಸ್ನಾದಲ್ಲಿ ಹಾಗೆ ಒತ್ತಿದರೆ ಮೂತಿ ನೆಲದ ಕಡೆಗೆ ಬಾಗುತ್ತದೆ. ಹೊಸ ವಿದ್ಯಾರ್ಥಿಗೆ ಈ ಅಪಾಯವಿಲ್ಲ, ಏಕೆಂದರೆ ಅವನ ಕೈಗೆ ಹಳೆಯ ಅಭ್ಯಾಸವೇ ಇರುವುದಿಲ್ಲ.

ಎರಡನೆಯದು ಕಾಲದ ಅಳತೆ. ಬೀದರ್‌ನಿಂದ ಕಲಬುರಗಿಯ ರನ್‌ವೇಗೆ ಆಕಾಶಮಾರ್ಗದಲ್ಲಿ ಸುಮಾರು 90 ಕಿಲೋಮೀಟರ್. ಹಾಕ್‌ನಲ್ಲಿ 420 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ವೇಗದಲ್ಲಿ ಹೊರಟರೆ ಏಳು ನಿಮಿಷದ ದಾರಿ. ಸೆಸ್ನಾದಲ್ಲಿ 90 ನಾಟ್‌ಗೆ ಅರ್ಧ ಗಂಟೆಗೂ ಮೇಲಾಗುತ್ತದೆ. ಸಮಯ ಹೆಚ್ಚು ಸಿಗುವುದರಿಂದ ಕೆಲಸ ಸುಲಭ ಎಂದು ಹೊರಗಿನವರಿಗೆ ತೋರಬಹುದು. ವಾಸ್ತವದಲ್ಲಿ ಆ ಅರ್ಧ ಗಂಟೆಯಲ್ಲಿ ಗಾಳಿ ವಿಮಾನವನ್ನು ದಾರಿಯಿಂದ ಎಷ್ಟು ದೂರ ತಳ್ಳುತ್ತದೆ, ಮೋಡ ಎಷ್ಟು ಬೆಳೆಯುತ್ತದೆ ಎಂಬುದನ್ನು ಲೆಕ್ಕ ಹಾಕುವುದೇ ದೊಡ್ಡ ಕೆಲಸ. ಇಲ್ಲಿರುವ ಬೋಧಕರು ಮತ್ತು ವಿದ್ಯಾರ್ಥಿಗಳು ತಮ್ಮ ಅಭಿಪ್ರಾಯ ತಿಳಿಸಬೇಕೆಂದು ಕೋರುತ್ತೇನೆ.

ಹಾರಾಟ ಬೋಧಕ, ಕಲಬುರಗಿ

ಸರ್, ತಮ್ಮಂತಹ ಹಿರಿಯರು ಪಕ್ಕದ ಸೀಟಿನಲ್ಲಿದ್ದಾಗ ನನ್ನಂತಹ ಕಿರಿಯ ಬೋಧಕನಿಗೆ ‘ಇದನ್ನೂ ಹೇಳಬೇಕೇ’ ಎಂಬ ಸಂಕೋಚವಾಗುತ್ತದೆ. ಆ ಸಂಕೋಚವೇ ಅಪಾಯಕಾರಿ ಎಂದು ಮೊದಲೇ ಹೇಳಿಬಿಡುತ್ತೇನೆ. ಬೋಧಕ ಸುಮ್ಮನಿದ್ದರೆ ಅನುಭವಿಯ ಹಳೆಯ ಅಭ್ಯಾಸ ತಿದ್ದದೆ ಉಳಿಯುತ್ತದೆ.

ತಾವು ಹೇಳಿದ ಕೈಗಳ ಗೊಂದಲಕ್ಕಿಂತ ನನಗೆ ಹೆಚ್ಚು ಕಾಣುವುದು ವೇಗದ ಗೊಂದಲ. ತ್ರಿಕೋನ ರೆಕ್ಕೆಯ ಮಿಗ್-21 ಗಂಟೆಗೆ 270–280 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುವ ವಿಮಾನ. ಅದರಲ್ಲಿ ವೇಗ ಕಳೆದುಕೊಂಡವನಿಗೆ ಉಳಿಗಾಲವಿಲ್ಲ ಎಂಬುದು ಅದರ ಪೈಲಟ್‌ಗೆ ರಕ್ತಗತವಾಗಿರುತ್ತದೆ. ಆದ್ದರಿಂದ ಅಂಥವರು ಸೆಸ್ನಾವನ್ನು ಇಳಿಸುವಾಗಲೂ ಸುರಕ್ಷತೆಗೆಂದು ಹತ್ತು ನಾಟ್ ಹೆಚ್ಚಿಗೆ ಇಟ್ಟುಕೊಂಡೇ ಬರುತ್ತಾರೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, 65 ನಾಟ್ ಬದಲು 75 ನಾಟ್‌ನಲ್ಲಿ ಬಂದ ವಿಮಾನದಲ್ಲಿ ಮೂರನೇ ಒಂದು ಭಾಗದಷ್ಟು ಹೆಚ್ಚು ಶಕ್ತಿ ಉಳಿದಿರುತ್ತದೆ. ಅಷ್ಟನ್ನೂ ಗಾಳಿಯಲ್ಲೇ ಕರಗಿಸಬೇಕಾದ್ದರಿಂದ ಸೆಸ್ನಾ ನೆಲದ ಮೇಲೆ ಒಂದಾಳುದ್ದ ಎತ್ತರದಲ್ಲಿ ತೇಲುತ್ತಲೇ ಹೋಗುತ್ತದೆ. ತಾಳ್ಮೆ ಕಳೆದುಕೊಂಡು ಅದನ್ನು ಬಲವಂತವಾಗಿ ಕೆಳಗೆ ಒತ್ತಿದರೆ ಮೂತಿಯ ಚಕ್ರ ಮೊದಲು ತಗುಲಿ ವಿಮಾನ ಪುಟಿಯುತ್ತದೆ. ಎರಡು ಮೂರು ಬಾರಿ ಪುಟಿದರೆ ಆ ಚಕ್ರದ ಕಾಲಿಗೂ ಅದರ ಹಿಂದಿನ ಫೈರ್‌ವಾಲ್‌ಗೂ (ಇಂಜಿನ್ ಮತ್ತು ಪೈಲಟ್ ಕೋಣೆಯ ನಡುವಿನ ಲೋಹದ ತಡೆ) ಪೆಟ್ಟು ಬೀಳುವುದು ಖಚಿತ.

ನಮ್ಮ ಕಲಬುರಗಿಯ ರನ್‌ವೇ ಮೂರು ಕಿಲೋಮೀಟರಿಗೂ ಉದ್ದವಾಗಿರುವುದು ಇಲ್ಲಿ ಒಂದು ತೊಡಕು ಎಂದರೆ ಅಚ್ಚರಿಯಾಗಬಹುದು. ಎಷ್ಟು ತೇಲಿದರೂ ರನ್‌ವೇ ಮುಗಿಯುವುದಿಲ್ಲವಾದ್ದರಿಂದ ತಪ್ಪು ತಪ್ಪೆನಿಸುವುದೇ ಇಲ್ಲ. ಇಲ್ಲಿ ಕಲಿತವರು ಮುಂದೆ ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ಜಕ್ಕೂರಿನ ಪಟ್ಟಿಗೆ ಹೋದಾಗ ಅದು ಬೆಳಕಿಗೆ ಬರುತ್ತದೆ. ಹಾಗಾಗಿ ಇಂತಿಷ್ಟು ಗುರುತಿನೊಳಗೆ ಚಕ್ರ ತಗುಲದಿದ್ದರೆ ಮತ್ತೆ ಮೇಲೇರಬೇಕು ಎಂಬ ನಿಯಮವನ್ನು ನಾನು ಎಲ್ಲರಿಗೂ ಹಾಕುತ್ತೇನೆ, ನಿವೃತ್ತ ಅಧಿಕಾರಿಗಳಿಗೆ ಮುಖ್ಯವಾಗಿ.

ಅಡ್ಡಗಾಳಿಯೂ ಅಷ್ಟೇ. ಹಾಕ್ ಸುಮಾರು 120 ನಾಟ್‌ಗೆ ಇಳಿಯಲು ಬರುವಾಗ 15 ನಾಟ್ ಅಡ್ಡಗಾಳಿ ಇದ್ದರೆ ಮೂತಿಯನ್ನು ಏಳು ಡಿಗ್ರಿ ಗಾಳಿಯ ಕಡೆಗೆ ತಿರುಗಿಸಿದರೆ ಸಾಕು; 60 ನಾಟ್‌ನ ಸೆಸ್ನಾಕ್ಕೆ ಅದೇ ಗಾಳಿಗೆ ಹದಿನಾಲ್ಕು ಡಿಗ್ರಿಗೂ ಹೆಚ್ಚು ಬೇಕು. ಜೆಟ್‌ನಲ್ಲಿ ಬಹುಪಾಲು ವಿಶ್ರಾಂತಿಯಲ್ಲಿದ್ದ ಕಾಲುಗಳು ಇಲ್ಲಿ ಎಂಜಿನ್ ಚಾಲೂ ಆದ ಕ್ಷಣದಿಂದ ನಿಲ್ಲಿಸುವವರೆಗೆ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್‌ಗಳ ಮೇಲೆ ದುಡಿಯಬೇಕು. ಪ್ರೊಪೆಲ್ಲರ್‌ನ ತಿರುಗುವಿಕೆಯಿಂದ ವಿಮಾನ ಮೇಲೇರುವಾಗ ಎಡಕ್ಕೆ ಎಳೆಯುತ್ತದೆ ಎಂಬುದನ್ನು ದೀಪಕ್ ಹಾರಿಸಿದ ತಾವು ಬಲ್ಲಿರಿ. 2013ರ ನಂತರ ವಾಯುಪಡೆಯ ಪಿಲಾಟಸ್ ಪ್ರೊಪೆಲ್ಲರ್ ತರಬೇತಿ ವಿಮಾನದಲ್ಲಿ ಕಲಿತವರಿಗೂ ಅದು ಗೊತ್ತು, ಆದರೆ ಎಲ್ಲರ ಕಾಲುಗಳೂ ಅದನ್ನು ಮರೆತಿರುತ್ತವೆ.

ವಿದ್ಯಾರ್ಥಿನಿ, ಹುಮನಾಬಾದ್

ಸರ್, ನಾನು ಕಮರ್ಷಿಯಲ್ ಲೈಸೆನ್ಸಿಗಾಗಿ ತರಬೇತಿ ಪಡೆಯುತ್ತಿರುವವಳು. ಚಿಕ್ಕವಳಿದ್ದಾಗ ಬೀದರ್‌ನ ಆಕಾಶದಲ್ಲಿ ವಾಯುಪಡೆಯ ವೈಮಾನಿಕ ಕಸರತ್ತಿನ ಸೂರ್ಯಕಿರಣ್ ತಂಡದ ಅಭ್ಯಾಸವನ್ನು ನೋಡಿಯೇ ಈ ಹಾದಿ ಹಿಡಿದೆ. 1996ರಲ್ಲಿ ಆ ತಂಡ ಹುಟ್ಟಿದ್ದೇ ನಮ್ಮ ಜಿಲ್ಲೆಯಲ್ಲಿ ಎಂಬ ಹೆಮ್ಮೆ ನಮ್ಮ ಮನೆಯವರಿಗೆ ಈಗಲೂ ಇದೆ. ಬೋಧಕರ ಮಾತನ್ನು ಒಪ್ಪುತ್ತಲೇ ಒಂದು ಆಕ್ಷೇಪ ಹೇಳಬಹುದೇ? ಅನುಭವಿಗಳ ಕೊರತೆಗಳನ್ನೇ ಎಣಿಸುತ್ತಾ ಹೋದರೆ, ಅವರು ತರುವ ಬಲ ಕಾಣದೆ ಹೋಗುತ್ತದೆ. ರೇಡಿಯೊದಲ್ಲಿ ಮಾತನಾಡುತ್ತಲೇ ವಿಮಾನ ಹಿಡಿದಿಡುವುದು, ಮುಂದಿನ ಐದು ನಿಮಿಷದಲ್ಲಿ ಏನಾಗುತ್ತದೆ ಎಂದು ಊಹಿಸುವುದು, ಭಯವಾದಾಗ ಕ್ರಮ ತಪ್ಪದಿರುವುದು ಇವೆಲ್ಲಕ್ಕೆ ನಮಗೆ ಎಷ್ಟೋ ತಿಂಗಳು ಹಿಡಿಯುತ್ತದೆ. ಇಂಜಿನ್ ನಿಂತಾಗ ತಮ್ಮಂತಹವರಿಗೆ ನಮಗಿಂತ ಹೆಚ್ಚಿನ ಅನುಕೂಲ ಇರುವುದಿಲ್ಲವೇ?

ನಿವೃತ್ತ ವಿಂಗ್ ಕಮಾಂಡರ್, ಬೀದರ್

ಒಳ್ಳೆಯ ಪ್ರಶ್ನೆ ಕೇಳಿದ್ದೀರಿ ಮಗಳೇ. ಅರ್ಧ ಉತ್ತರ ಹೌದು, ಅರ್ಧ ಅಲ್ಲ.

ಜೆಟ್‌ನಲ್ಲಿ ಇಂಜಿನ್ ನಿಂತರೆ ಮೊದಲು ಮೂತಿ ಎತ್ತಿ ವೇಗವನ್ನು ಎತ್ತರವಾಗಿ ಪರಿವರ್ತಿಸುತ್ತೇವೆ. 400 ನಾಟ್ ವೇಗದಲ್ಲಿದ್ದವನಿಗೆ ಹಾಗೆ ಸಾವಿರಾರು ಅಡಿ ಸಿಗುತ್ತದೆ. ಆ ಎತ್ತರ ಆಲೋಚಿಸಲು ಸಮಯ ಕೊಡುತ್ತದೆ. ರನ್‌ವೇ ತಲುಪಲಾಗದೆಂದು ತೀರ್ಮಾನವಾದರೆ ಹಾಕ್‌ನಲ್ಲಿ ನೆಲದ ಮೇಲೆ ನಿಂತಿದ್ದಾಗಲೂ ಕೆಲಸ ಮಾಡುವ ಮಾರ್ಟಿನ್-ಬೇಕರ್ ಎಜೆಕ್ಷನ್ ಸೀಟು (ಪೈಲಟ್‌ನನ್ನು ವಿಮಾನದಿಂದ ಹೊರಕ್ಕೆ ಚಿಮ್ಮಿಸುವ ಆಸನ) ಇರುತ್ತದೆ. ಊರಿಲ್ಲದ ಕಡೆ ವಿಮಾನವನ್ನು ತಿರುಗಿಸಿ ಹೊರಬರುವುದು ನಮ್ಮ ತರಬೇತಿಯ ಭಾಗವೇ ಆಗಿತ್ತು. 90 ನಾಟ್‌ನ ಸೆಸ್ನಾದಲ್ಲಿ ಎತ್ತರವಾಗಿ ಮಾರ್ಪಡಿಸಲು ವೇಗವೇ ಇರುವುದಿಲ್ಲ. ಇಂಜಿನ್ ನಿಂತೊಡನೆ ಮೂತಿಯನ್ನು ತಗ್ಗಿಸಿ 68 ನಾಟ್ ಹಿಡಿಯಬೇಕು. ಮೇಲಕ್ಕೆ ಎತ್ತುವ ಹಳೆಯ ಪ್ರವೃತ್ತಿ ಇಲ್ಲಿ ನೇರ ಸ್ಟಾಲ್‌ಗೆ, ಅಂದರೆ ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ ಸ್ಥಿತಿಗೆ, ಕೊಂಡೊಯ್ಯುತ್ತದೆ. ಸಾವಿರ ಅಡಿ ಎತ್ತರದಿಂದ ಗಾಳಿಯಿಲ್ಲದ ದಿನ ಸುಮಾರು ಎರಡು ಮುಕ್ಕಾಲು ಕಿಲೋಮೀಟರ್ ತೇಲಿ ಹೋಗಬಹುದು, ಅಷ್ಟೇ. ಹೊರಗೆ ಜಿಗಿಯುವ ಸೀಟು ಇಲ್ಲದ್ದರಿಂದ ವಿಮಾನದ ಜೊತೆಗೇ ಯಾವುದೋ ಹೊಲಕ್ಕೆ ಇಳಿಯಲೇಬೇಕು.

ಇನ್ನೊಂದು ಮಾತನ್ನೂ ಸೇರಿಸುತ್ತೇನೆ. ನಿಧಾನ ವೇಗದಲ್ಲಿ ಹೊಲಕ್ಕೆ ಇಳಿಯುವುದು ಜೆಟ್‌ನಲ್ಲಿ ಇಳಿಯುವುದಕ್ಕಿಂತ ಎಷ್ಟೋ ಪಾಲು ಬದುಕುಳಿಯಬಹುದಾದ ಕೆಲಸ. ದೀಪಕ್‌ನಲ್ಲಿ ಕಲಿತ ನಮ್ಮ ತಲೆಮಾರಿಗೆ ಇಂಜಿನ್ ನಿಲ್ಲುವ ಭಯ ಹೊಸದಲ್ಲ. 2009ರ ಅಪಘಾತದ ನಂತರ ಆ ವಿಮಾನದ ಹಾರಾಟವೇ ನಿಂತಿತು. ಆದರೆ ಆ ಪಾಠವನ್ನು ಯುವಕರಾಗಿದ್ದಾಗ ಕಲಿತು, ನಂತರ ಮೂರು ದಶಕ ಎಜೆಕ್ಷನ್ ಸೀಟಿನ ಮೇಲೆ ಕುಳಿತವರು ನಾವು. ಈಗ ಹಾರುವಾಗ ಪ್ರತಿ ಎರಡು ನಿಮಿಷಕ್ಕೊಮ್ಮೆ ಕೆಳಗೆ ಒಂದು ಹೊಲವನ್ನು ಆರಿಸಿಡುತ್ತೇನೆ. ಮೇಲಿನಿಂದ ಎಲ್ಲ ಹೊಲವೂ ಚೆನ್ನಾಗಿಯೇ ಕಾಣುತ್ತದೆ ಎಂಬುದೇ ಸಮಸ್ಯೆ.

ರೈತ, ಚಿತ್ತಾಪುರ ತಾಲ್ಲೂಕು

ಶರಣು ಸರ್. ವಿಮಾನದ ವಿಚಾರ ನನಗೆ ತಿಳಿಯದು, ಆದರೆ ಹೊಲದ ವಿಚಾರ ಬಂದಿದ್ದರಿಂದ ಬರೆಯುತ್ತಿದ್ದೇನೆ. ನಮ್ಮ ಊರಿನ ಮೇಲೆ ತರಬೇತಿಯ ವಿಮಾನಗಳು ದಿನವೂ ಹಾರುತ್ತವೆ.

ನಮ್ಮದು ಹೆಚ್ಚಾಗಿ ಎರೆ ಭೂಮಿ. ಮಳೆ ಬಿದ್ದ ಮೇಲೆ ಎತ್ತಿನ ಕಾಲೇ ಮೊಣಕಾಲಿನವರೆಗೆ ಹೂತುಹೋಗುತ್ತದೆ ಎಂದ ಮೇಲೆ ನಿಮ್ಮ ಚಿಕ್ಕ ಚಕ್ರದ ಗತಿ ಏನಾದೀತು ಎಂದು ಹೇಳಬೇಕಿಲ್ಲ. ವಿಮಾನ ಮೂತಿ ಊರಿ ಮಗುಚುವುದೇ ಹೆಚ್ಚು. ಜೂನ್‌ನಿಂದ ದಸರೆಯವರೆಗೆ ಎರೆಯನ್ನು ಬಿಟ್ಟು ಮಸಾರಿಯ ಹೊಲ ಅಥವಾ ರಸ್ತೆಯನ್ನು ಹುಡುಕುವುದು ಲೇಸು. ನವೆಂಬರ್‌ನಲ್ಲಿ ತೊಗರಿ ಎದೆಮಟ್ಟಕ್ಕೂ ಮೀರಿ ಬೆಳೆದು ಹೂವಾಡುತ್ತದೆ. ಮೇಲಿನಿಂದ ಅದು ಹಸಿರು ಹಾಸಿಗೆಯಂತೆ ಕಾಣಬಹುದು, ಒಳಗೆ ಬದು ಎಲ್ಲಿದೆ ಎಂಬುದು ನಮಗೂ ನಡೆದು ಹೋದರಷ್ಟೇ ತಿಳಿಯುತ್ತದೆ. ಬಿಳಿಜೋಳದ ಹೊಲವಂತೂ ಆಳು ಮುಳುಗುವಷ್ಟು ಎತ್ತರ. ತೊಗರಿ ಕಟಾವಾದ ಮೇಲೆ ಹೊಲ ಖಾಲಿ ಕಂಡರೂ ಕೂಳೆ ಉಳಿದಿರುತ್ತದೆ; ಆ ಮೊಂಡು ಕಟ್ಟಿಗೆ ಟ್ರ್ಯಾಕ್ಟರ್ ಟೈರನ್ನೇ ಚುಚ್ಚುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಎರೆ ಬಿರಿದು ಕಾಲು ಇಳಿಯುವಷ್ಟು ಸೀಳು ಬಿಡುತ್ತದೆ.

ಇಳಿಯಲೇಬೇಕಾದರೆ ಚಳಿಗಾಲದಲ್ಲಿ ಕಡಲೆಯ ಹೊಲ ನೋಡಿ. ಗಿಡ ಮೊಣಕಾಲೆತ್ತರಕ್ಕಿಂತ ಹೆಚ್ಚಿರುವುದಿಲ್ಲ, ನೆಲ ಒಣಗಿ ಗಟ್ಟಿಯಾಗಿರುತ್ತದೆ. ಸಾಲಿನ ಗುಂಟ ಇಳಿಯಿರಿ, ಅಡ್ಡ ಇಳಿಯಬೇಡಿ. ಶಹಾಬಾದ್ ಮತ್ತು ನಮ್ಮ ಕಡೆಯ ಕಲ್ಲಿನ ಗಣಿಗಳ ವಿಚಾರದಲ್ಲಿ ಹುಷಾರಾಗಿರಿ. ಪರಸಿ (ನೆಲಹಾಸಿನ ಕಲ್ಲು) ತೆಗೆದ ಜಾಗ ದೂರಕ್ಕೆ ನೆಲಗಟ್ಟಿನಂತೆ ಸಮತಟ್ಟಾಗಿ ಕಾಣುತ್ತದೆ, ಹತ್ತಿರ ಹೋದರೆ ಹತ್ತಾರು ಅಡಿ ಆಳದ ಹೊಂಡ. ಬೋರ್‌ವೆಲ್‌ಗೆ ಎಳೆದ ಕರೆಂಟಿನ ತಂತಿ ನಿಮಗೆ ಕಾಣುವುದಿಲ್ಲ, ಕಂಬದ ಸಾಲು ಕಂಡೀತು. ಕೊನೆಯದಾಗಿ, ವಿಮಾನ ಇಳಿದರೆ ಊರಿಗೆ ಊರೇ ಓಡಿ ಬರುತ್ತದೆ; ಮುಂದಿನ ಪಂಖ ನಿಂತಿದೆಯೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ, ಮಕ್ಕಳನ್ನು ದೂರ ಇರಿಸುವುದು ನಿಮ್ಮದೇ ಜವಾಬ್ದಾರಿ.

ಹಾರಾಟ ಬೋಧಕ, ಕಲಬುರಗಿ

ಹಿರಿಯರೇ, ತಮ್ಮ ಈ ಬರಹವನ್ನು ನನ್ನ ವಿದ್ಯಾರ್ಥಿಗಳಿಗೆ ಓದಿಸಲು ಅನುಮತಿ ಕೊಡಿ. ನಾವು ಬಳಸುವ ಪಠ್ಯಗಳಲ್ಲಿರುವುದು ಯುರೋಪು, ಅಮೆರಿಕದ ಹುಲ್ಲುಗಾವಲು. ತೊಗರಿಯ ಕೂಳೆಯ ಪ್ರಸ್ತಾಪ ಅವುಗಳಲ್ಲಿ ಇಲ್ಲ. ಒಂದನ್ನು ನಾನು ಸೇರಿಸುತ್ತೇನೆ: ಇಳಿಯುವಾಗ ಗಾಳಿಯ ದಿಕ್ಕು ತಿಳಿಯಲು ವಾಡಿ, ಮಳಖೇಡ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಚಿಮಣಿಯ ಹೊಗೆಗಿಂತ ಉತ್ತಮ ಗುರುತು ನಮಗೆ ಬೇರೆ ಇಲ್ಲ. ಮೇಲೇರಿದ ಕೂಡಲೇ ಇಂಜಿನ್ ನಿಂತರೆ ರನ್‌ವೇ ಕಡೆಗೆ ಹಿಂದಿರುಗಲು ಯತ್ನಿಸದೆ ಎದುರಿಗೇ ಇಳಿಯಬೇಕು ಎಂಬುದು ಹೊಸಬರಿಗೂ ಹಳಬರಿಗೂ ಒಂದೇ.

ನಿವೃತ್ತ ಇಂಜಿನ್ ಫಿಟ್ಟರ್, ಬೀದರ್

ವಿಂಗ್ ಕಮಾಂಡರ್ ಸಾಹೇಬರಿಗೆ ನಮಸ್ಕಾರ. ಅದೇ ನೆಲೆಯಲ್ಲಿ ವಿಮಾನಗಳ ಅಡಿಯಲ್ಲಿ ಕೆಲಸ ಮಾಡಿದವನು ನಾನು. ವಿಮಾನದ ನಿರ್ವಹಣಾ ದಾಖಲೆಯಾದ ಫಾರ್ಮ್ 700ರಲ್ಲಿ ನಮ್ಮ ಪ್ರತಿಯೊಬ್ಬರ ಸಹಿ ಬಿದ್ದ ಮೇಲೆ ಪೈಲಟ್ ಸುತ್ತು ಹಾಕಿ ನೋಡಿ ಹತ್ತುತ್ತಿದ್ದರು. ಆ ಸುತ್ತು ಶಿಸ್ತಿನದ್ದೇ ಆಗಿದ್ದರೂ, ದೋಷ ಅದಕ್ಕೂ ಮೊದಲೇ ಯಾರದೋ ಕಣ್ಣಿಗೆ ಬಿದ್ದಿರುತ್ತದೆ ಎಂಬ ಭರವಸೆ ಇತ್ತು. ಲಘು ವಿಮಾನದಲ್ಲಿಯೂ ಇಂಜಿನಿಯರ್ ಇರುತ್ತಾರೆ, ಆದರೆ ಬೆಳಿಗ್ಗೆ ರೆಕ್ಕೆಯ ಕೆಳಗಿನ ಡ್ರೈನ್‌ನಿಂದ ಇಂಧನವನ್ನು ಗಾಜಿನ ಬಟ್ಟಲಿಗೆ ಇಳಿಸಿ ನೋಡುವವರು ತಾವೇ. ಅರ್ಧ ತುಂಬಿದ ಟ್ಯಾಂಕಿನಲ್ಲಿ ರಾತ್ರಿ ತಂಪಿಗೆ ನೀರು ಕೂಡುತ್ತದೆ. ಅದು ಪೆಟ್ರೋಲಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಲಘು ವಿಮಾನದ ಪೆಟ್ರೋಲಾದ 100 ಎಲ್‌ಎಲ್ ಇಂಧನ ತಿಳಿ ನೀಲಿ ಬಣ್ಣದ್ದು. ಜೆಟ್‌ನ ಸೀಮೆಎಣ್ಣೆಯ ಜಾತಿಯ ಇಂಧನಕ್ಕೆ ಆ ಬಣ್ಣವಿಲ್ಲ. ಅದು ಪಿಸ್ಟನ್ ಇಂಜಿನ್ನಿಗೆ ಬಿದ್ದರೆ ಮೇಲೇರಿದ ಸ್ವಲ್ಪ ಹೊತ್ತಿಗೇ ಇಂಜಿನ್ ಹಾಳಾಗುತ್ತದೆ. ಬಣ್ಣವನ್ನೂ ನೋಡಿ, ಮೂಸಿಯೂ ನೋಡಿ.

ಇಂಜಿನ್ನಿಗೆ ಕಿಡಿ ಕೊಡುವ ಎರಡು ಮ್ಯಾಗ್ನೆಟೊಗಳ ಪರೀಕ್ಷೆಯಲ್ಲಿ, ನಿಮಿಷಕ್ಕೆ 1,800 ಸುತ್ತಿನಿಂದ ಒಂದೊಂದನ್ನೇ ಆಫ್ ಮಾಡಿದಾಗ ಇಳಿಕೆ 150 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 50 ಮೀರಬಾರದು. ಏನೂ ಇಳಿಯದಿದ್ದರೆ ಖುಷಿಪಡಬೇಡಿ. ಮ್ಯಾಗ್ನೆಟೊ ಆಫ್ ಆಗುತ್ತಲೇ ಇಲ್ಲ ಎಂಬ ಅನುಮಾನಕ್ಕೆ ಅದು ಕಾರಣ, ಆಗ ಕೈಯಿಂದ ಪ್ರೊಪೆಲ್ಲರ್ ಮುಟ್ಟುವುದೂ ಅಪಾಯ. ಇನ್ನು ಸೆಸ್ನಾ 152ರಂತಹ ಕಾರ್ಬ್ಯುರೇಟರ್ (ಇಂಧನವನ್ನು ಗಾಳಿಯೊಡನೆ ಬೆರೆಸುವ ಸಾಧನ) ಇರುವ ವಿಮಾನ ಹಾರಿಸುವ ಸಂದರ್ಭ ಬಂದರೆ ಮಂಜುಗಡ್ಡೆಯ ವಿಚಾರ ನೆನಪಿಡಿ. ಬೀದರ್‌ನಲ್ಲಿ ಮಂಜುಗಡ್ಡೆ ಎಲ್ಲಿಂದ ಬರಬೇಕು ಎಂದು ನಗಬಹುದು. ಆದರೆ ಇಂಧನ ಆವಿಯಾಗುವಾಗ ಕಾರ್ಬ್ಯುರೇಟರ್ ಒಳಗಿನ ಗಾಳಿಯ ತಾಪ 20 ಡಿಗ್ರಿಗೂ ಮೇಲೆ ಇಳಿಯಬಲ್ಲದು. ಮಳೆಗಾಲದ ತೇವದ ಬೆಳಗಿನಲ್ಲಿ ಥ್ರಾಟಲ್ ತಗ್ಗಿಸಿ ಇಳಿಯುತ್ತಿರುವಾಗ ಅಲ್ಲಿ ಹಿಮ ಕಟ್ಟಿ ಇಂಜಿನ್ ಉಸಿರುಗಟ್ಟುತ್ತದೆ. ಜೆಟ್ ಪೈಲಟ್‌ಗಳಿಗೆ ಇದರ ಪರಿಚಯವೇ ಇರುವುದಿಲ್ಲ.

ವೈದ್ಯೆ, ಕಲಬುರಗಿ

ಖಾಸಗಿ ಪೈಲಟ್ ಲೈಸೆನ್ಸಿಗೆ ಬೇಕಾದ ದ್ವಿತೀಯ ದರ್ಜೆಯ ವೈದ್ಯಕೀಯ ಪರೀಕ್ಷೆಯ ಬಗ್ಗೆ ಎರಡು ಮಾತು. ಖಾಸಗಿ ಲೈಸೆನ್ಸಿಗೆ ವಯಸ್ಸಿನ ಮೇಲ್ಮಿತಿಗಿಂತ ಆರೋಗ್ಯವೇ ಮಿತಿ. ಜೆ.ಆರ್.ಡಿ. ಟಾಟಾ ಅವರು 1932ರ ತಮ್ಮ ಕರಾಚಿ–ಮುಂಬೈ ಹಾರಾಟವನ್ನು 1982ರಲ್ಲಿ, 78ನೇ ವಯಸ್ಸಿನಲ್ಲಿ, ಲೆಪರ್ಡ್ ಮಾತ್ ಎಂಬ ಹಳೆಯ ಲಘು ವಿಮಾನದಲ್ಲಿ ಮತ್ತೆ ಮಾಡಿ ತೋರಿಸಿದ್ದರು. ಆದರೂ ಫೈಟರ್ ಪೈಲಟ್‌ಗಳಲ್ಲಿ ಎರಡು ತೊಂದರೆಗಳನ್ನು ಗಮನಿಸಬೇಕಾಗುತ್ತದೆ: ಜೆಟ್ ಸದ್ದಿನಿಂದ ಹೆಚ್ಚಿನ ಆವರ್ತನದ ಶ್ರವಣ ಕುಗ್ಗಿರುವುದು ಮತ್ತು, ಎಂದಾದರೂ ಎಜೆಕ್ಟ್ ಆಗಿದ್ದರೆ, ಬೆನ್ನುಮೂಳೆಗೆ ಬಿದ್ದ ಹಳೆಯ ಪೆಟ್ಟು. ರಕ್ತದೊತ್ತಡದ ಮಾತ್ರೆಯನ್ನು ಮುಚ್ಚಿಡುವುದು ಬೇಡ. ನಮ್ಮ ಬೇಸಿಗೆಯಲ್ಲಿ ಸೆಸ್ನಾದ ಗಾಜಿನ ಕೋಣೆ ನಿಂತಲ್ಲೇ ಕಾದ ಹಂಚಾಗಿರುತ್ತದೆ. ನೀರು ಕುಡಿಯದೆ ಹತ್ತಿದ ಅರವತ್ತರ ವ್ಯಕ್ತಿಯ ತೀರ್ಮಾನಶಕ್ತಿ ಅವರಿಗೇ ತಿಳಿಯದಂತೆ ಕುಂದುತ್ತದೆ.

ನಿವೃತ್ತ ಸೇನಾ ಹೆಲಿಕಾಪ್ಟರ್ ಪೈಲಟ್, ಯಾದಗಿರಿ

ಕಾಗದಪತ್ರದ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಚುಟುಕಾಗಿ ತಿಳಿಸುತ್ತೇನೆ. ಹೊಸಬರಿಗೆ 40 ಗಂಟೆಯ ಹಾರಾಟ ಬೇಕು. ಸೇನೆಯ ಗಂಟೆಗಳಿಗೆ ದೃಢೀಕರಣ ಪತ್ರ ಮೊದಲೇ ಪಡೆದುಕೊಳ್ಳಿ. ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ಕಂಪ್ಯೂಟರ್ ನಂಬರ್ ಇಲ್ಲದೆ ಪರೀಕ್ಷೆಗೆ ಕೂರಲಾಗದು. ಭಾರತೀಯ ವಾಯುಯಾನ ಅಧಿನಿಯಮ 2025ರ ಜನವರಿ 1ರಿಂದ ಜಾರಿಗೆ ಬಂದ ಮೇಲೆ ರೇಡಿಯೊ ಪರೀಕ್ಷೆಯ ಹೊಣೆಯೂ ದೂರಸಂಪರ್ಕ ಇಲಾಖೆಯಿಂದ ಡಿಜಿಸಿಎಗೆ ಬಂದಿದೆ.

ಪ್ರದರ್ಶನದ ಆಸೆಯ ಬಗ್ಗೆಯೂ ಒಂದು ಮಾತು. ನಮ್ಮಂತಹ ನಿವೃತ್ತರು ಸಂಬಂಧಿಕರ ಮನೆಯ ಮೇಲೆ ತಗ್ಗಿನಲ್ಲಿ ಹಾರಿ ತೋರಿಸುವ ಚಪಲಕ್ಕೆ ಬೀಳುವುದುಂಟು. ಹಾಕ್ ರಚನೆ +8 ಜಿ (ಗುರುತ್ವದ ಎಂಟು ಪಟ್ಟು ಹೊರೆ) ತಾಳುತ್ತದೆ. ಸಾಮಾನ್ಯ ವರ್ಗದಲ್ಲಿ ಸೆಸ್ನಾ 172ರ ಮಿತಿ +3.8. ಈ ಎರಡು ಸಂಖ್ಯೆಗಳ ನಡುವಿನ ಅಂತರ ಪೈಲಟ್‌ನ ಕೌಶಲದಿಂದ ತುಂಬುವಂಥದ್ದಲ್ಲ.

ನಿವೃತ್ತ ವಿಂಗ್ ಕಮಾಂಡರ್, ಬೀದರ್

ಎಲ್ಲರಿಗೂ ಧನ್ಯವಾದಗಳು. ಫಿಟ್ಟರ್ ಸಾಹೇಬರ ಮಾತು ನನ್ನ ಮನಸ್ಸಿನಲ್ಲಿದ್ದುದನ್ನೇ ಹೇಳಿತು. ಕೈಕಾಲುಗಳ ಅಭ್ಯಾಸ ತಿದ್ದಿಕೊಳ್ಳುವುದು ಸಾಧ್ಯ, ಬೋಧಕರು ತಿದ್ದುತ್ತಲೂ ಇದ್ದಾರೆ. ತಿದ್ದಲು ಕಷ್ಟವಾದದ್ದು ಬೇರೆ ಇದೆ. ನೆಲೆಯಲ್ಲಿ ಬೆಳಗಿನ ಹವಾಮಾನ ವಿವರಣೆ ಇರುತ್ತಿತ್ತು, ಆಥರೈಸೇಶನ್ ಪುಸ್ತಕದಲ್ಲಿ ಮೇಲಧಿಕಾರಿಯ ಸಹಿ ಇರುತ್ತಿತ್ತು, ಟವರ್‌ನಲ್ಲಿ ಒಬ್ಬ ಪೈಲಟ್ ಕುಳಿತಿರುತ್ತಿದ್ದ. ಇವರಲ್ಲಿ ಯಾರು ಬೇಕಾದರೂ ‘ಇಂದು ಬೇಡ’ ಎನ್ನಬಹುದಿತ್ತು, ನಾವು ಗೊಣಗುತ್ತಾ ಒಪ್ಪುತ್ತಿದ್ದೆವು. ಲೈಸೆನ್ಸ್ ಕೈಗೆ ಬಂದ ಮೇಲೆ ಬಾಡಿಗೆಗೆ ಪಡೆದ ವಿಮಾನದ ಪಕ್ಕದಲ್ಲಿ ನಿಂತವನಿಗೆ ಬೇಡ ಎನ್ನುವವರು ಯಾರೂ ಇರುವುದಿಲ್ಲ. ಹೆಚ್ಚು ಗಂಟೆ ಹಾರಿದವನಿಗೆ ಯಾರಾದರೂ ಹಾಗೆ ಹೇಳಲು ಹಿಂಜರಿಯುತ್ತಾರೆ ಕೂಡ. ಆದ್ದರಿಂದ ಆ ಅಧಿಕಾರಿಯ ಕೆಲಸವನ್ನೂ ನಾನೇ ಮಾಡಬೇಕು, ಅದೂ ವಿಮಾನ ನಿಲ್ದಾಣಕ್ಕೆ ಹೊರಡುವ ಮೊದಲೇ.

ಅದಕ್ಕಾಗಿ ಕೆಲವು ಮಿತಿಗಳನ್ನು ಬರೆದಿಟ್ಟಿದ್ದೇನೆ. ಮೊದಲ ವರ್ಷ ಅಡ್ಡಗಾಳಿ 10 ನಾಟ್ ಮೀರಿದರೆ ಹಾರುವುದಿಲ್ಲ. ವಿಮಾನದ ಕೈಪಿಡಿ 15 ನಾಟ್‌ವರೆಗಿನ ಇಳಿಕೆಯನ್ನು ದಾಖಲಿಸಿದ್ದರೂ ಅದು ತಯಾರಕರ ಪೈಲಟ್ ಮಾಡಿ ತೋರಿಸಿದ್ದು. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಹತ್ತರ ನಂತರ ಹೊರಡುವುದಿಲ್ಲ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದಲ್ಲಿದೆ. ತಾಪ 42 ಡಿಗ್ರಿ ಮುಟ್ಟಿದಾಗ ಅಲ್ಲಿನ ಗಾಳಿ ಐದು ಸಾವಿರ ಅಡಿಯ ಗಾಳಿಯಷ್ಟು ತೆಳುವಾಗಿ ವರ್ತಿಸುತ್ತದೆ. ಸಮುದ್ರಮಟ್ಟದಲ್ಲಿ ನಿಮಿಷಕ್ಕೆ 730 ಅಡಿ ಏರಬೇಕಾದ ಸೆಸ್ನಾ 172ಎಸ್ ತುಂಬು ತೂಕದಲ್ಲಿ ಆಗ 600 ಅಡಿಯನ್ನೂ ಮುಟ್ಟುವುದಿಲ್ಲ, ಮಧ್ಯಾಹ್ನದ ಕೆಳಮುಖ ಗಾಳಿ ಅದರಲ್ಲೂ ಪಾಲು ಕೇಳುತ್ತದೆ. ಹಾಕ್‌ನಲ್ಲಿ ನಿಮಿಷಕ್ಕೆ ಒಂಬತ್ತು ಸಾವಿರ ಅಡಿ ಏರಿದವನಿಗೆ ಇದು ಕಾಗದದ ಮೇಲೆ ಅರ್ಥವಾದರೂ ಮನಸ್ಸಿಗೆ ಒಗ್ಗಲು ಸಮಯ ಬೇಕು.

ವಿದ್ಯಾರ್ಥಿನಿ, ಹುಮನಾಬಾದ್

ಸರ್, ಲೈಸೆನ್ಸ್ ಬಂದ ಮೇಲೆ ಕಲಬುರಗಿಯಿಂದ ಬೀದರ್‌ಗೆ ಹಾರಿ ಬರುವಿರಾ?

ನಿವೃತ್ತ ವಿಂಗ್ ಕಮಾಂಡರ್, ಬೀದರ್

ಬೀದರ್ ರಕ್ಷಣಾ ಇಲಾಖೆಯ ನಿಲ್ದಾಣ. ಅಲ್ಲಿ ಪ್ರಯಾಣಿಕರ ವಿಮಾನಕ್ಕಾಗಿ ಸಿವಿಲ್ ಎನ್‌ಕ್ಲೇವ್ ಇದ್ದರೂ ಖಾಸಗಿ ವಿಮಾನ ಇಳಿಯಲು ಮುಂಚಿತ ಅನುಮತಿ ಬೇಕು, ವಾಯುರಕ್ಷಣಾ ವಿಭಾಗ ಪ್ರತಿ ಹಾರಾಟಕ್ಕೆ ಕೊಡುವ ಅನುಮತಿ ಸಂಖ್ಯೆಯಾದ ಎಡಿಸಿ ನಂಬರ್ ಬೇಕು, ಹಾಕ್‌ಗಳ ತರಬೇತಿಯ ವೇಳೆಯನ್ನು ತಪ್ಪಿಸಬೇಕು. ಹಳೆಯ ಪರಿಚಯವನ್ನು ಬಳಸಿಕೊಂಡು ಕೇಳುವ ಮನಸ್ಸಿಲ್ಲ. ಮೊದಲ ದೂರ ಹಾರಾಟಕ್ಕೆ ಬೇರೆ ದಿಕ್ಕನ್ನೇ ಆರಿಸಿಕೊಳ್ಳುತ್ತೇನೆ.

ಹಾರಾಟ ಬೋಧಕ, ಕಲಬುರಗಿ

ಸರ್, ತಮ್ಮ ಮಿತಿಗಳ ಪಟ್ಟಿಗೆ ಒಂದು ತಿದ್ದುಪಡಿ. ಅಡ್ಡಗಾಳಿ 10 ನಾಟ್ ಎಂದಷ್ಟೇ ಬರೆಯದೆ, ಬೀಸಿನ ಗರಿಷ್ಠವನ್ನೂ ಸೇರಿಸಿ ಲೆಕ್ಕ ಹಾಕಿ. ಟವರ್ ‘8 ನಾಟ್, ಬೀಸು 18’ ಎಂದರೆ ತಮ್ಮ ಪಟ್ಟಿಯ ಪ್ರಕಾರ ಹೊರಡಬಹುದೆಂದು ಅರ್ಥವಾಗುತ್ತದೆ, ಆದರೆ ಚಕ್ರ ನೆಲ ಮುಟ್ಟುವ ಕ್ಷಣದಲ್ಲಿ ಎದುರಾಗುವುದು 18 ಆಗಿರಬಹುದು. ಜೂನ್ ಮೊದಲ ವಾರದ ಮಳೆಮೋಡಗಳ ಮುಂದೆ ಇಲ್ಲಿ ಹಾಗೆಯೇ ಆಗುತ್ತದೆ. ಸೋಮವಾರದ ಪಾಠದಲ್ಲಿ ಫ್ಲಾಪ್ (ನಿಧಾನ ಇಳಿಕೆಗೆ ನೆರವಾಗುವ ರೆಕ್ಕೆಯ ಹಿಂಬದಿಯ ಫಲಕ) ಬಳಸದೆ ಇಳಿಯುವುದನ್ನು ತೆಗೆದುಕೊಳ್ಳೋಣ, ಆರೂವರೆಗೆ ಬನ್ನಿ.